ಅಟ್ಟದ ಕಾಯಿ, ಬರೋ ಫೋನು

ಭಾನುವಾರ ಮಧ್ಯಾಹ್ನ ತರೀಕೆರೆಯಿಂದ ಬಂದ ಸತೀಶ ಕೈಕಾಲು ತೊಳೆಯುವ ಮುಂಚೆಯೇ ಸುದ್ದಿ ಹೇಳಿದ. "ಬರೋ ತಿಂಗಳು ಹದಿನೆಂಟಕ್ಕೆ ಬತ್ತೈತಂತೆ."

ಒಲೆ ಮುಂದೆ ಮುದ್ದೆ ತಿರುವುತ್ತಿದ್ದ ಅವನ ಅತ್ತಿಗೆ ಬೃಂದಾ ತಲೆಯೆತ್ತಲಿಲ್ಲ. "ಯಾರಪ್ಪಾ ಬರೋದು? ಮೊದ್ಲೇ ಹೇಳ್ಬಿಡು, ಹಿಟ್ಟು ಜಾಸ್ತಿ ಹಾಕ್ತೀನಿ."

"ನೆಂಟ್ರಲ್ಲ ಅತ್ತಿಗೆ, ಫೋನು!"

ಸತೀಶನದು ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದುಗಡೆ ಒಂದು ಮೊಬೈಲ್ ಅಂಗಡಿ. ರಿಪೇರಿ, ರೀಚಾರ್ಜು, ಒಡೆದ ಗಾಜು ಬದಲಿಸುವುದು, ಕವರು ಮಾರುವುದು. ಮದುವೆಯಾಗಿ ಅಲ್ಲೇ ಮನೆ ಮಾಡಿದ್ದರೂ ಭಾನುವಾರದ ಊಟ ಮಾತ್ರ ಸಿಂಗಟಗೆರೆಯಲ್ಲಿ, ಅವ್ವ ಹುಚ್ಚಮ್ಮನ ಎದುರಿಗೆ. ಒಂದು ತಿಂಗಳಿಂದ ಅವನ ಬಾಯಲ್ಲಿ ಇದೊಂದೇ ಮಾತು. ದೊಡ್ಡ ಕಂಪನಿಯೊಂದು ಹೊಸ ಫೋನು ಬಿಡುತ್ತದೆಯಂತೆ, ಅದರಲ್ಲಿ ಏನೇನಿರುತ್ತದೆಯೆಂದು ಲೋಕವೆಲ್ಲ ಅಂದಾಜು ಹಾಕುತ್ತಿದೆಯಂತೆ. ಕಂಪನಿಯ ಹೆಸರು ಈ ಮನೆಯವರ ನಾಲಿಗೆಗೆ ಹತ್ತಿರಲಿಲ್ಲ. ಎಲ್ಲರೂ ಅದನ್ನು 'ಬರೋ ಫೋನು' ಎನ್ನುತ್ತಿದ್ದರು.

ತಟ್ಟೆಗಳು ಬಂದವು. ಹುರುಳಿಕಾಳಿನ ಸಾರು, ಮುದ್ದೆ, ನಂಚಿಕೊಳ್ಳಲು ಈರುಳ್ಳಿ.

"ಕ್ಯಾಮೆರಾ ನಾಕು ಅಂತಾರೆ ಕೆಲವ್ರು. ಐದು ಅಂತಾರೆ ಕೆಲವ್ರು," ಎಂದ ಸತೀಶ.

"ಐದು ಕಣ್ಣು ಯಾಕೋ?" ಎಂದ ಅಣ್ಣ ಮಲ್ಲಿಕಾರ್ಜುನ. "ನಮ್ಮ ಎಮ್ಮೆಗೆ ಇರೋದು ಎರಡೇ. ಊರೋರ ಹೊಲ ಎಲ್ಲಾ ಕಾಣುತ್ತೆ ಅದಕ್ಕೆ."

"ನೀನು ನೋಡಿದೀಯಾ ಚಿಕ್ಕಪ್ಪ, ಆ ಫೋನ್ನ?" ಎಂದಳು ಮಲ್ಲಿಕಾರ್ಜುನನ ಮಗಳು ಮಾನಸ. ಕಡೂರಿನ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ.

"ಯಾರೂ ನೋಡಿಲ್ಲಮ್ಮ. ಎಲ್ಲಾ ಅಂದಾಜೇ. ಆದ್ರೂ ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಒಬ್ಬ ಅಡ್ವಾನ್ಸ್ ಕೊಟ್ಟೋಗಿದಾನೆ. ಬಣ್ಣ ಯಾವ್ದು ಅಂತಾನೂ ಗೊತ್ತಿಲ್ಲ ಅವನಿಗೆ."

"ಹೆಣ್ಣು ನೋಡದೆ ಲಗ್ನ ಕಟ್ಟಿಸ್ದಂಗಾಯ್ತು," ಎಂದಳು ಬೃಂದಾ.

ಎಲ್ಲರೂ ನಕ್ಕರು. ಎದುರು ಗೋಡೆಗೆ ಒರಗಿ ಕೂತ ಹುಚ್ಚಮ್ಮ ಅವರ ಮುಖಗಳನ್ನು ಒಂದು ಸುತ್ತು ನೋಡಿ, ಕೊನೆಗೆ ತಾನೂ ನಕ್ಕಳು.

"ಇದ್ನೆಲ್ಲಾ ಬಿಡಿ. ದೊಡ್ಡ ಸಂಗತಿ ಇನ್ನೊಂದೈತೆ. ಅದಕ್ಕೆ ಕಿವಿ ಬತ್ತೈತಂತೆ," ಎಂದ ಸತೀಶ, ಅವ್ವನ ಕಡೆ ತಿರುಗಿ. "ಕಲ್ಲಂಗಡಿ ಹಣ್ಣು ಪಕ್ಕ ಇಟ್ಟು ತಟ್ಟಿದ್ರೆ ಹಣ್ಣಾಗೈತೋ ಕಾಯೋ ಅಂತ ಹೇಳುತ್ತಂತೆ. ಇಂಜಿನ್ನು ಸದ್ದು ಕೇಳಿ ಯಾವ್ದು ಕೆಟ್ಟೈತೆ ಅಂತ ಹೇಳುತ್ತಂತೆ. ಕೆಮ್ಮಿದ್ರೆ ಕಾಯ್ಲೆ ಹೇಳುತ್ತಂತೆ."

"ಅಂತೆ, ಅಂತೆ, ಅಂತೆ," ಎಂದಳು ಮಾನಸ.

ಹುಚ್ಚಮ್ಮನ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. "ಕಲ್ಲಂಗಡಿ ಹೇಳೋದು ತೆಂಗಿನಕಾಯಿ ಹೇಳಲ್ವೇನೋ? ಅಲ್ಲಾಡಿಸಿದ್ರೆ?"

"ಹಂಗಾದ್ರೆ ನಿನ್ನ ಕೆಲ್ಸ ಹೋಯ್ತು ಕಣವ್ವ," ಎಂದು ಮಲ್ಲಿಕಾರ್ಜುನ ನಕ್ಕ. ಆಮೇಲೆ ಏನೋ ನೆನಪಾಗಿ ನಗು ನಿಲ್ಲಿಸಿದ. "ಬಂದ್ರೆ ಒಳ್ಳೇದೇ. ಹೋದ ಸಲದಂಗೆ ಆಗ್ಬಾರದು. ಈ ಸಲಾನೂ ಮೂಟೆ ವಾಪಸ್ ಬಂದ್ರೆ ಕೊಬ್ಬರಿ ಸಹವಾಸನೇ ಬ್ಯಾಡ. ಮುಂದಿನ ವರ್ಷದಿಂದ ಹಸಿ ಕಾಯಿ ತೋಟದಲ್ಲೇ ಎಣಿಸಿ ಕೊಟ್ಟುಬಿಡ್ತೀನಿ. ಅಟ್ಟ ಕಿತ್ತು ಮಾನಸಂಗೆ ಓದೋಕೆ ಒಂದು ರೂಮ್ ಮಾಡ್ಸಿದ್ರಾಯ್ತು."

"ನಿಜವಾಗ್ಲೂ ಅಪ್ಪಾ?" ಎಂದಳು ಮಾನಸ.

ಹುಚ್ಚಮ್ಮ ಮಗನ ತುಟಿಗಳನ್ನೇ ನೋಡುತ್ತಿದ್ದಳು. ತುತ್ತನ್ನು ಸಾರಿನಲ್ಲಿ ಮತ್ತೊಮ್ಮೆ ಅದ್ದಿದಳು.

ಈ ಮನೆಯ ಅಟ್ಟದ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿ ತುಂಬಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಆಮೇಲೆ ಸುಲಿದು, ಚಿಪ್ಪನ್ನು ಹುಷಾರಾಗಿ ಒಡೆದು, ಗಿಟುಕನ್ನು ಉಂಡೆ ಉಂಡೆಯಾಗಿಯೇ ತೆಗೆಯಬೇಕು. ಒಳಗೆ ಒಂದು ಚಮಚ ನೀರು ಉಳಿದಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಮೂಟೆಯಲ್ಲಿ ಹತ್ತು ದಿನ ಕೂತ ಮೇಲೆ ಅಂಥ ಗಿಟುಕು ಬೂಸ್ಟು ಹಿಡಿದು ಪಕ್ಕದ್ದನ್ನೂ ಕೆಡಿಸುತ್ತದೆ. ಅದನ್ನು ಸುಲಿಯುವ ಮೊದಲೇ ಹಿಡಿಯಲು ಇರುವ ಉಪಾಯ ಒಂದೇ, ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು. ಮದುವೆಯಾಗಿ ಬಂದ ಮೂರನೇ ವರ್ಷದಿಂದ ಆ ಕೆಲಸ ಹುಚ್ಚಮ್ಮನದು. ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ, ಆದದ್ದನ್ನು ಬಲಕ್ಕೆ, ಆಗದ್ದನ್ನು ಎಡಕ್ಕೆ ಇಳಿಸುತ್ತಿದ್ದಳು. ಕೆಳಗೆ ಕಾಯಿ ಸುಲಿಯುವ ಆಳು ಬೀರಯ್ಯ ಬಲಗಡೆ ಗುಪ್ಪೆಯದನ್ನು ಸುಲಿಯುತ್ತಿದ್ದ. ಅವನು ಸೇರಿದಾಗಿನಿಂದ ಮೂವತ್ತು ವರ್ಷ ಹೀಗೇ ನಡೆದಿತ್ತು.

ಹೋದ ವರ್ಷ ವ್ಯಾಪಾರಿ ಮೂರು ಮೂಟೆ ವಾಪಸ್ ಕಳಿಸಿದ. ಅವ್ವನ ಕಿವಿ ತಪ್ಪಿರಬಹುದೆಂದು ಮಲ್ಲಿಕಾರ್ಜುನನ ತಲೆಗೇ ಹೊಳೆಯಲಿಲ್ಲ. ಬೀರಯ್ಯನೇ ಎರಡು ಗುಪ್ಪೆ ಬೆರೆಸಿದ್ದಾನೆಂದು ತೀರ್ಮಾನಿಸಿ, ನಾಲ್ಕು ಜನರ ಮುಂದೆ ಬೈದು ಕಳಿಸಿದ. ಬೀರಯ್ಯ ಎದುರಾಡದೆ ಮಚ್ಚು ಹೆಗಲಿಗೇರಿಸಿಕೊಂಡು ಹೋಗಿದ್ದ.

ನಿಜ ಗೊತ್ತಿದ್ದದ್ದು ಹುಚ್ಚಮ್ಮನೊಬ್ಬಳಿಗೆ. ಎರಡು ವರ್ಷದಿಂದ ಸಣ್ಣ ಸದ್ದು ಹಾಗಿರಲಿ, ಬೆನ್ನ ಹಿಂದಿನ ಕೂಗೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಎದುರಿಗೆ ಕೂತು ಮಾತಾಡಿದರೆ ಬಾಯಿ ನೋಡಿ ಹಿಡಿಯುತ್ತಿದ್ದಳು. ಕಾಯಿಗೆ ಬಾಯಿ ಇರಲಿಲ್ಲ. ಹೋದ ವರ್ಷ ಭಾರ ನೋಡಿ, ಬಣ್ಣ ನೋಡಿ, ಅಂದಾಜಿನ ಮೇಲೆ ಗುಪ್ಪೆ ಮಾಡಿದ್ದಳು.

ಆ ದಿನ ಸಂಜೆ ಸತೀಶ ಹೊರಟು ನಿಂತಾಗ ಅವ್ವ ಅವನ ಬೈಕಿನ ಹ್ಯಾಂಡಲ್ ಹಿಡಿದು ಕೇಳಿದಳು. "ಹದಿನೆಂಟನೇ ತಾರೀಖು ಅಂದ್ಯಲ್ಲ, ಪಕ್ಕಾನೇನೋ?"

"ಪಕ್ಕಾ ಅವ್ವ. ಯಾಕೆ, ನಿಂಗೊಂದು ಬೇಕಾ?"

"ಮಲ್ಲಂಗೆ ಹೇಳು, ಅಟ್ಟ ಇಳಿಸೋದು ಅದು ಬಂದ್ಮೇಲೆ ಇಟ್ಕೊಳ್ಳೋಣ ಅಂತ."

ಹಬ್ಬ ಕಳೆದ ಕೂಡಲೇ ಇಳಿಸಬೇಕೆಂದಿದ್ದ ಮಲ್ಲಿಕಾರ್ಜುನ ತಮ್ಮನ ಮಾತಿಗೆ ಒಪ್ಪಿದ. ಫೋನು ಕಾಯಿ ಕೇಳುವುದು ಸುಳ್ಳೇ ಇರಬಹುದು, ಆದರೂ ನೋಡಿಯೇಬಿಡೋಣ ಎನ್ನಿಸಿತು ಅವನಿಗೆ. ಹೀಗೆ ಇಡೀ ಅಟ್ಟ, ಯಾರೂ ಕಣ್ಣಿಂದ ಕಾಣದ ಫೋನಿಗಾಗಿ ಕಾದು ಕೂತಿತು.

ಅಂದಿನಿಂದ ಊಟದ ಹೊತ್ತಿಗೆ ದಿನವೂ ಸತೀಶನಿಂದ ಫೋನಿನಲ್ಲಿ ಹೊಸದೊಂದು ಅಂದಾಜು ಬರತೊಡಗಿತು. ಒಂದು ದಿನ ಮಡಚಬಹುದಂತೆ, ಮರುದಿನ ಮಡಚಲಾಗದಂತೆ. ಒಂದು ದಿನ ಬಿಸಿಲಲ್ಲಿಟ್ಟರೆ ಚಾರ್ಜಾಗುತ್ತದಂತೆ.

"ಬಿಸಿಲಲ್ಲಿ ಚಾರ್ಜಾದ್ರೆ ಕಡೂರು ಬಸ್ಸಲ್ಲಿ ಕಿಟಕಿ ಸೀಟು ಸಿಗಬೇಕು ಮೊದ್ಲು," ಎಂದಳು ಬೃಂದಾ. ಅವಳು ದಿನಾ ಬೆಳಿಗ್ಗೆ ಕಡೂರಿಗೆ ಹೋಗಿ ಅಲ್ಲೊಂದು ಮೆಡಿಕಲ್ ಸ್ಟೋರಿನಲ್ಲಿ ಸಂಜೆಯವರೆಗೆ ನಿಂತು ಬರುತ್ತಿದ್ದಳು. "ನನ್ನ ಕೇಳಿದ್ರೆ, ಕೈ ಜಾರಿ ಸಾರಿಗೆ ಬಿದ್ರೂ ಬದುಕೋ ಫೋನು ಮಾಡ್ಲಿ. ಬಸ್ಸು ಎಲ್ಲೈತೆ ಅಂತ ಹೇಳ್ಲಿ. ಅಷ್ಟು ಸಾಕು."

"ನಂಗೆ ಟಾರ್ಚು," ಎಂದ ಮಲ್ಲಿಕಾರ್ಜುನ. "ತೋಟದ ಆ ತುದಿಗೆ ಹಂದಿ ಬಂದೈತಾ ಅಂತ ಈ ತುದಿಯಿಂದ ಕಾಣ್ಬೇಕು."

"ನಿಮಗೆ ಬೇಕಾಗಿರೋದು ಫೋನಲ್ಲ ಕಣ್ರೀ, ಲಾರಿ ಹೆಡ್‌ಲೈಟು."

"ನಿಂಗೇನು ಬೇಕಮ್ಮಾ?" ಎಂದು ಮಗಳನ್ನು ಕೇಳಿದ.

"ಜಾಗ ಇಲ್ಲ, ಡಿಲೀಟ್ ಮಾಡು ಅಂತ ಹೇಳದೇ ಇರೋ ಫೋನು. ಆಮೇಲೆ ಒಂದು ರೂಮು."

"ರೂಮು ಫೋನಲ್ಲಿ ಬರಲ್ಲ ಕಣೇ," ಎಂದ ಅಪ್ಪ.

ಎಲ್ಲರಿಗಿಂತ ಹೆಚ್ಚು ವಿಚಾರಿಸುತ್ತಿದ್ದವಳು ಹುಚ್ಚಮ್ಮ. ಮಾನಸ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಜಗಲಿಯ ಮೇಲಿಂದ ಪ್ರಶ್ನೆ ಬರುತ್ತಿತ್ತು. "ಇವತ್ತೇನಂತೆ? ಕಿವಿ ಸುದ್ದಿ ಬಂತಾ?"

"ಬಣ್ಣದ ಸುದ್ದಿ ಬಂತು ಅಜ್ಜಿ. ಬೂದಿ ಬಣ್ಣ, ಹಸಿರು."

"ಬಣ್ಣ ಹಾಳಾಗ್ಲಿ. ಅದು ಎಷ್ಟು ಸಣ್ಣ ಸದ್ದು ಕೇಳುತ್ತಂತೆ? ಇರುವೆ ನಡೆದ್ರೆ ಕೇಳುತ್ತಾ?"

"ಇರುವೆ ಕೇಳಿ ಏನು ಮಾಡ್ತೀಯಾ ನೀನು?"

"ಸುಮ್ನೆ ಕೇಳ್ದೆ ಕಣೇ. ತಿಳ್ಕೊಂಡ್ರೆ ತಪ್ಪಾ?"

ಅಜ್ಜಿಗೆ ಈ ವಯಸ್ಸಿನಲ್ಲಿ ಫೋನಿನ ಹುಚ್ಚು ಹಿಡಿದಿದೆಯೆಂದು ಮಾನಸ ಗೆಳತಿಯರಿಗೆಲ್ಲ ಹೇಳಿ ನಗಿಸಿದಳು.

ಒಂದು ಗುರುವಾರ ಬೃಂದಾ ಬಸ್ಸಿಗೆ ಹೊರಡುವ ಆತುರದಲ್ಲಿ ಬೇಳೆಗೆ ಕುಕ್ಕರ್ ಇಟ್ಟು, "ಅತ್ತೆ, ಮೂರು ಕೂಗಿದ್ ಮೇಲೆ ಆರ್ಸಿ" ಎಂದು ಸ್ನಾನಕ್ಕೆ ಹೋದಳು. ತಲೆ ಒರೆಸುತ್ತ ಬಂದಾಗ ಅಡುಗೆಮನೆ ತುಂಬ ಸೀದ ವಾಸನೆ. ಹುಚ್ಚಮ್ಮ ಒಲೆಯಿಂದ ಎರಡು ಮಾರು ದೂರ, ಬೆನ್ನು ಹಾಕಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಏನತ್ತೆ ಇದು! ಬಚ್ಚಲಲ್ಲಿ ನಾನು ಒಂಬತ್ತು ಎಣಿಸ್ದೆ. ಪಕ್ಕದಲ್ಲಿ ಕೂತು ನಿಮಗೆ ಮೂರು ಎಣಿಸೋಕಾಗ್ಲಿಲ್ವಾ?"

"ಏನೋ ಯೋಚ್ನೆ ಮಾಡ್ತಿದ್ದೆ."

"ಯೋಚ್ನೆಗೆ ಕುಕ್ಕರ್ ಕೂಗಿದ್ದು ಕೇಳಲ್ವಾ? ಊರಿಗೆಲ್ಲಾ ಕೇಳುತ್ತೆ!"

"ನಂಗೆ ಕಿವಿ ಕೇಳಲ್ಲ ಅಂತೀಯೇನೇ?" ಹುಚ್ಚಮ್ಮನ ದನಿ ಏರಿತು. "ಈ ಮನೆ ಅಟ್ಟದ ಒಂದೊಂದು ಕಾಯಿ ಈ ಕಿವಿ ಕೇಳಿಕೊಂಡು ಇಳಿದೈತೆ. ನೀನು ನೆನ್ನೆ ಬಂದೋಳು."

"ಬಂದು ಇಪ್ಪತ್ತೆರಡು ವರ್ಷ ಆಯ್ತು ಅತ್ತೆ. ನಾನೇನು ಕಿವಿ ಸುದ್ದಿ ಎತ್ತಿದ್ನಾ? ಬೇಳೆ ಸುದ್ದಿ ಹೇಳ್ದೆ." ಬೃಂದಾ ಕುಕ್ಕರನ್ನು ಬಚ್ಚಲಿಗೆ ಒಯ್ದು ನೀರು ಸುರಿದಳು. ಆ ದಿನ ಮೂವರ ಬುತ್ತಿಗೂ ಉಪ್ಪಿನಕಾಯಿ, ಅನ್ನ.

ಬೃಂದಾ ಅದನ್ನು ಬಸ್ಸು ಹತ್ತುವಷ್ಟರಲ್ಲಿ ಮರೆತಳು. ಮಾನಸ ಮರೆಯಲಿಲ್ಲ. ಕಿವಿಯ ಮಾತೇ ಇಲ್ಲದ ಕಡೆ ಅಜ್ಜಿ ಅದನ್ನೇಕೆ ಎತ್ತಿದಳು?

ಸಂಜೆ ಹುಚ್ಚಮ್ಮ ಅಟ್ಟದ ಮೇಲಿದ್ದಾಗ ಮಾನಸ ಸದ್ದಿಲ್ಲದೆ ಏಣಿ ಹತ್ತಿ ಅವಳ ಬೆನ್ನ ಹಿಂದೆ ಕೂತಳು. "ಅಜ್ಜಿ," ಎಂದಳು ಮೆತ್ತಗೆ. ಉತ್ತರವಿಲ್ಲ. "ಅಜ್ಜಿ, ಬರೋ ಫೋನು ಬಂದ್ಬಿಡ್ತು." ಈ ಸಲ ಮಾಮೂಲಿ ದನಿಯಲ್ಲೇ ಹೇಳಿದ್ದಳು. ಹುಚ್ಚಮ್ಮ ಒಂದು ಕಾಯನ್ನು ಎಡಗಿವಿಯ ಹತ್ತಿರ ಅಲ್ಲಾಡಿಸಿದಳು, ಬಲಗಿವಿಯ ಹತ್ತಿರ ಅಲ್ಲಾಡಿಸಿದಳು, ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕೂತಳು.

ಮಾನಸ ಎದ್ದು ಎದುರಿಗೆ ಬಂದಳು.

ಮೊಮ್ಮಗಳ ಮುಖ ಕಂಡದ್ದೇ ಹುಚ್ಚಮ್ಮನಿಗೆ ಎಲ್ಲ ಗೊತ್ತಾಯಿತು. "ಯಾವಾಗ ಬಂದೆ?"

"ಆಗ್ಲೇ. ಎರಡು ಸಲ ಕರೆದೆ."

ಹುಚ್ಚಮ್ಮ ಮಡಿಲ ಕಾಯನ್ನು ಕೆಳಗಿಟ್ಟು ಅವಳ ಕೈ ಹಿಡಿದಳು. "ಹದಿನೆಂಟರ ತನಕ ಬಾಯಿ ಬಿಡಬ್ಯಾಡ ಕಣೇ. ಅದು ಬಂದ್ರೆ ಯಾರಿಗೂ ಗೊತ್ತಾಗ್ದಂಗೆ ನಡ್ಕೊಂಡ್ಹೋಗುತ್ತೆ. ಸೆರಗಲ್ಲಿ ಇಟ್ಕೊಂಡಿರ್ತೀನಿ."

"ಮತ್ತೆ ಹೋದ ವರ್ಷದ್ದು? ಬೀರಯ್ಯ?"

ಹುಚ್ಚಮ್ಮ ಕೈ ಬಿಟ್ಟು ಕಾಯಿಗಳ ಕಡೆ ತಿರುಗಿದಳು.

ಮಾನಸ ಯಾರಿಗೂ ಹೇಳಲಿಲ್ಲ. ಆದರೆ ಸುಮ್ಮನೂ ಇರಲಿಲ್ಲ. ಹದಿನೆಂಟಕ್ಕೆ ಇನ್ನೂ ಎರಡು ವಾರವಿತ್ತು. ತನ್ನ ಹಳೆ ಫೋನಿನಲ್ಲೇ ಏನಾದರೂ ಆಗುತ್ತದೆಯೋ ನೋಡೋಣವೆಂದು ಮರುದಿನ ದನಿ ರೆಕಾರ್ಡು ಮಾಡುವ ಆಪ್ ತೆರೆದು ಅಟ್ಟದ ಮೇಲಿಟ್ಟಳು. ಪಕ್ಕದಲ್ಲಿ ಕಾಯಿ ಅಲ್ಲಾಡಿಸಿದಾಗ ಪರದೆಯ ಮೇಲೆ ಕೆಂಪು ಗೆರೆಗಳು ಎದ್ದವು. ಗಿಟುಕು ಬಿಟ್ಟ ಕಾಯಿಗೆ ಎತ್ತರದ ಗೆರೆ, ಬೇಲಿ ಗೂಟದ ಹಾಗೆ. ನೀರು ತುಂಬಿದ ಕಾಯಿಗೆ ಗಿಡ್ಡ ಗೆರೆ, ಗರಿಕೆ ಹುಲ್ಲಿನ ಹಾಗೆ.

"ಇದು ಸದ್ದಾ?" ಹುಚ್ಚಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಸದ್ದು ಹಿಂಗಿರುತ್ತಾ ನೋಡೋಕೆ?"

"ಹೂಂ. ಇದು ನಿನ್ನ ಕಾಯಿದು. ಈಗ ನೀನು ಮಾತಾಡಿದ್ಯಲ್ಲ, ಅದು ಇದು."

"ಅಯ್ಯೋ, ನನ್ನ ಮಾತು ಇಷ್ಟು ಎತ್ತರ ಐತಾ! ಅದಕ್ಕೇ ನಿಮ್ಮವ್ವ ಕಿರಿಚ್ಬ್ಯಾಡಿ ಅಂತಾಳೆ." ಹುಚ್ಚಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಗುವಿನ ಗೆರೆಯನ್ನೂ ನೋಡಿದಳು. ಆಮೇಲೆ ಕೆಮ್ಮಿ ನೋಡಿದಳು, ಚಪ್ಪಾಳೆ ತಟ್ಟಿ ನೋಡಿದಳು, ಕೆಳಗೆ ಎಮ್ಮೆ ಕೂಗಿದ್ದಕ್ಕೆ ಎದ್ದ ಗೆರೆಯನ್ನು ಕಂಡು "ಇದ್ಯಾರು?" ಎಂದು ಕೇಳಿದಳು.

ನಾಲ್ಕು ದಿನ ಇದೇ ನಡೆಯಿತು. ನಂತರ ಮಾನಸ ಎರಡು ಕಾಯಿ ಒಡೆದು ಪರೀಕ್ಷೆ ಮಾಡಿದಳು. ಎರಡಕ್ಕೂ ಬೇಲಿ ಗೂಟದಂಥದ್ದೇ ಗೆರೆ ಬಂದಿತ್ತು. ಒಂದರ ಗಿಟುಕು ಚೊಕ್ಕವಾಗಿತ್ತು. ಇನ್ನೊಂದನ್ನು ಕೊಯ್ದರೆ ಒಳಗಿಂದ ಒಂದು ಚಮಚ ನೀರು ಅಂಗೈ ಮೇಲೆ ಸುರಿಯಿತು. ಗಿಟುಕು ಹೊರಳುವ ಸದ್ದಿನೊಳಗೆ ಆ ಚಮಚದ ಸದ್ದು ಮುಚ್ಚಿಹೋಗಿತ್ತು.

"ನೀನೇ ಕೇಳಿದ್ರೆ ಗೊತ್ತಾಗಲ್ವಾ? ಎಳೇ ಕಿವಿ," ಎಂದಳು ಹುಚ್ಚಮ್ಮ.

ಮಾನಸ ಕಣ್ಣು ಮುಚ್ಚಿ ಹತ್ತಿಪ್ಪತ್ತು ಕಾಯಿ ಅಲ್ಲಾಡಿಸಿದಳು. "ಎಲ್ಲಾ ಒಂದೇ ಥರ ಕೇಳುತ್ತೆ ಅಜ್ಜಿ."

"ಅದು ನಾಕು ದಿನಕ್ಕೆ ಬರಲ್ಲ. ನಂಗೇ ಆರು ವರ್ಷ ಹಿಡೀತು." ಹುಚ್ಚಮ್ಮ ಅಂಗೈ ಒರೆಸಿಕೊಂಡಳು. "ಬರೋ ಫೋನು ಇದಕ್ಕಿಂತ ಚೆನ್ನಾಗಿ ಕೇಳುತ್ತೆ ಬಿಡು. ಕಲ್ಲಂಗಡಿನೇ ಕೇಳುತ್ತಂತಲ್ಲ."

ಆ ವಾರ ರೇಷನ್ ಅಂಗಡಿಯ ಸಾಲಿನಲ್ಲಿ ಹುಚ್ಚಮ್ಮನಿಗೆ ಬೀರಯ್ಯನ ಹೆಂಡತಿ ದ್ಯಾಮಮ್ಮ ಎದುರಾದಳು. ಹುಚ್ಚಮ್ಮನೇ ಮಾತಾಡಿಸಿದಳು. "ಬೀರಯ್ಯ ಹೆಂಗವ್ನೆ?"

"ಹೆಂಗಿರ್ತಾರೆ ಅಮ್ಮ. ಸುಲಿಯೋಕೆ ಈಗ ಪಂಚನಹಳ್ಳಿ ಕಡೆ ಹೋಗ್ತಾರೆ. ಅಲ್ಲೂ ಮೊದ್ಲು ಕೇಳೋದು ಅದೇ ಮಾತಂತೆ. ಸಿಂಗಟಗೆರೇಲಿ ಗುಪ್ಪೆ ಬೆರೆಸಿದೋನು ನೀನೇನಾ ಅಂತ." ದ್ಯಾಮಮ್ಮ ಒಂದೊಂದು ಮಾತನ್ನೂ ಹುಚ್ಚಮ್ಮನ ಮುಖ ನೋಡಿಕೊಂಡೇ ಹೇಳಿದಳು. "ಮೂವತ್ತು ವರ್ಷ ಸುಲ್ದ ಕೈ. ಒಂದು ಮಾತಿಗೆ ಹೋಯ್ತು."

ಹುಚ್ಚಮ್ಮ ಅಕ್ಕಿಯ ಚೀಲ ಅಲ್ಲೇ ಬಿಟ್ಟು ಬಂದಿದ್ದಳು. ಮಾನಸ ಹೋಗಿ ತಂದಳು.

ಹದಿನೆಂಟನೇ ತಾರೀಖು ಸತೀಶ ಅಂಗಡಿಗೆ ಬೀಗ ಹಾಕಿ, ಬೀರೂರು ದಾಟಿ, ಸಂಜೆ ಐದೂವರೆಗೇ ಬಂದುಬಿಟ್ಟ. ಆರಕ್ಕೆ ಕಂಪನಿಯವರು ಫೋನು ತೋರಿಸುವುದಿತ್ತು. ಬೃಂದಾ ಮಂಡಕ್ಕಿ ಒಗ್ಗರಣೆ ಹಾಕಿದಳು. ಸತೀಶನ ಫೋನನ್ನು ಚೊಂಬಿಗೆ ಒರಗಿಸಿ ನಿಲ್ಲಿಸಿ ಐವರೂ ಸುತ್ತ ಕೂತರು. ಹುಚ್ಚಮ್ಮ ಎಲ್ಲರಿಗಿಂತ ಮುಂದೆ.

ಬೆಳಕಿನ ವೇದಿಕೆ ಮೇಲೆ ಒಬ್ಬ ಬಂದು ಕೈ ಜೋಡಿಸಿದ.

"ಕ್ಯಾಮೆರಾ ಮೂರೇ!" ಎಂದ ಸತೀಶ. "ಐದು ಅಂದಿದ್ನಲ್ಲ ಆ ವಿಡಿಯೋದೋನು."

"ಮಡಚುತ್ತಾ?"

"ಇಲ್ಲ."

"ಬಿಸಿಲಿಂದು?"

"ಅದೂ ಇಲ್ಲ ಅತ್ತಿಗೆ. ಆದ್ರೆ ನೀರಿಗೆ ಬಿದ್ರೆ ಏನಾಗಲ್ಲಂತೆ."

"ಸಾರಿಗೆ?"

"ಸಾರಿನ ಸುದ್ದಿ ಹೇಳ್ಲಿಲ್ಲ."

ಮಲ್ಲಿಕಾರ್ಜುನ ಮಂಡಕ್ಕಿ ಬಾಯಿಗೆ ಎಸೆದುಕೊಳ್ಳುತ್ತ, "ಬಣ್ಣ ಚೆನ್ನಾಗೈತೆ, ಎಳೇ ಬಾಳೆ ಸುಳಿ ಥರ" ಎಂದ. ಒಂದು ಗಂಟೆ ಕಳೆಯಿತು. ವೇದಿಕೆಯವನು ಮತ್ತೆ ಕೈ ಜೋಡಿಸಿದ. ಹಾಡು ಬಂತು.

"ಮುಗೀತಾ?" ಎಂದಳು ಹುಚ್ಚಮ್ಮ, ಮಾನಸಳ ಕಡೆ ನೋಡಿ. "ಬಂತಾ ಅದು?"

ಮಾನಸ ಇಲ್ಲವೆಂದು ತಲೆಯಾಡಿಸಿದಳು.

"ಕಲ್ಲಂಗಡಿನಾದ್ರೂ?"

"ಅದೂ ಇಲ್ಲ ಅಜ್ಜಿ. ಕಿವಿ ಮಾತೇ ಎತ್ತಲಿಲ್ಲ."

"ಹೋಗ್ಲಿ ಬಿಡವ್ವ," ಎಂದು ಮಲ್ಲಿಕಾರ್ಜುನ ಕೈ ಕೊಡವಿ ಎದ್ದ. "ನಿನ್ನ ಕಿವಿ ಇರೋವಾಗ ಅದ್ಯಾಕೆ? ನಾಳಿದ್ದು ಅಟ್ಟ ಇಳಿಸ್ಬಿಡೋಣ. ಆಳು ಕಳಿಸೋ ಪಂಚಾಕ್ಷರಪ್ಪಂಗೆ ಹೇಳಿ ಬೇರೆಯೋನ್ನ ಗೊತ್ತು ಮಾಡಿದೀನಿ. ಬೀರಯ್ಯನ ಥರ ಬೆರೆಸೋರು ಬ್ಯಾಡಪ್ಪ ನಮಗೆ."

ಹುಚ್ಚಮ್ಮ ಆ ಹೆಸರನ್ನು ಮಗನ ತುಟಿಯ ಮೇಲೆ ಕಂಡಳು.

"ಬೀರಯ್ಯ ಬೆರೆಸಲಿಲ್ಲ," ಎಂದಳು.

"ಏನವ್ವ?"

"ಬೀರಯ್ಯ ಬೆರೆಸಲಿಲ್ಲ ಅಂದೆ. ಬಲಗಡೆ ಗುಪ್ಪೆಗೆ ನೀರಿನ ಕಾಯಿ ಹಾಕಿದ್ದು ನಾನು. ನಂಗೆ ಕೇಳಲ್ಲ ಮಲ್ಲ. ಎರಡು ವರ್ಷ ಆಯ್ತು."

ಫೋನಿನಲ್ಲಿ ಹಾಡು ಇನ್ನೂ ನಡೆದಿತ್ತು. ಸತೀಶ ಅದನ್ನು ಮಗುಚಿ ಹಾಕಿದ.

"ಕುಕ್ಕರ್," ಎಂದಳು ಬೃಂದಾ ತನಗೆ ತಾನೇ.

ಮಲ್ಲಿಕಾರ್ಜುನ ನಿಂತಲ್ಲೇ ಕೂತ. "ಒಂದು ವರ್ಷ ಅವ್ವ. ಅವನು ಎದುರಿಗೆ ಬಂದ್ರೆ ಮುಖ ತಿರುಗಿಸ್ಕೊಂಡು ಹೋಗಿದೀನಿ. ಕಳ್ಳ ಅಂತ ಒಂದು ಬಿಟ್ಟು ಎಲ್ಲಾ ಅಂದಿದೀನಿ. ನೀನು ಇಲ್ಲೇ ಕೂತಿದ್ದೆ!"

"ಕೂತಿದ್ದೆ."

"ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಅಟ್ಟ ಹತ್ತೋಕೆ ಬಿಡ್ತಿದ್ರಾ?"

ಬೃಂದಾ ಮಂಡಕ್ಕಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅತ್ತೆಯ ಎದುರಿಗೆ ಬಂದು ಕೂತಳು. ಒಂದೊಂದು ಮಾತನ್ನೂ ಬಿಡಿಸಿ ನಿಧಾನವಾಗಿ ಹೇಳಿದಳು. "ಗುರುವಾರ ಗುರುವಾರ ಕಡೂರಿಗೆ ಕಿವಿ ಡಾಕ್ಟ್ರು ಬತ್ತಾರೆ. ನಮ್ಮ ಅಂಗಡೀಲಿ ಕಿವಿ ಮಿಷನ್ನಿನ ಸೆಲ್ಲು ನಾನೇ ಮಾರ್ತೀನಿ, ದಿನಾ. ನಮ್ಮನೇಗೇ ಬೇಕಾಗೈತೆ ಅಂತ ನಂಗೆ ಹೊಳೀಲಿಲ್ಲ ನೋಡಿ."

"ಬೀರಯ್ಯನ್ನ ನಾಳೆ ಬೆಳಿಗ್ಗೆ ನಾನು ಹೋಗಿ ಕರೀತೀನಿ," ಎಂದ ಮಲ್ಲಿಕಾರ್ಜುನ.

"ನೀನು ಆಮೇಲೆ ಹೋಗು. ಮೊದ್ಲು ನಾನು ಹೋಗ್ಬೇಕು."

ಬೆಳಿಗ್ಗೆ ಹುಚ್ಚಮ್ಮ ಅಟ್ಟದಿಂದ ಎರಡು ಕಾಯಿ ಇಳಿಸಿ ಕೈಚೀಲಕ್ಕೆ ಹಾಕಿಕೊಂಡಳು. ಮಾನಸ ಜೊತೆಗೆ ಬಂದಳು. ಬೀರಯ್ಯ ಮನೆಯ ಮುಂದೆ ಕಲ್ಲಿನ ಮೇಲೆ ಮಚ್ಚು ಮಸೆಯುತ್ತಿದ್ದ. ಇವರನ್ನು ಕಂಡು ಎದ್ದು ನಿಂತ. ದ್ಯಾಮಮ್ಮ ಬಾಗಿಲಿಗೆ ಬಂದಳು, ಕೂತುಕೊಳ್ಳಿ ಎನ್ನಲಿಲ್ಲ.

ಹುಚ್ಚಮ್ಮ ತಾನಾಗಿ ಅವನ ಎದುರಿಗೆ ಕೂತು ಎರಡೂ ಕಾಯಿ ಮುಂದಿಟ್ಟಳು. "ಅಲ್ಲಾಡಿಸಿ ಹೇಳು."

ಬೀರಯ್ಯ ಒಂದನ್ನೆತ್ತಿದ. "ಇದು ಆಗೈತೆ." ಇನ್ನೊಂದನ್ನು ಎರಡು ಸಲ ಅಲ್ಲಾಡಿಸಿದ. "ಇದ್ರಲ್ಲಿ ಇನ್ನೂ ಚೂರು ನೀರೈತೆ. ತಿಂಗಳು ಬಿಡ್ಬೇಕು."

"ನಂಗೆ ಎರಡೂ ಒಂದೇ ಬೀರಯ್ಯ. ಹೋದ ವರ್ಷಾನೂ ಒಂದೇ ಆಗಿತ್ತು. ತಪ್ಪು ನಂದು, ಬೈಸ್ಕೊಂಡಿದ್ದು ನೀನು. ನೆನ್ನೆ ಮನೇಲಿ ಹೇಳ್ದೆ."

"ಗೊತ್ತಿತ್ತು ನಂಗೆ."

"ಏನು?"

"ನಿಮಗೆ ಕೇಳಲ್ಲ ಅಂತ ಗೊತ್ತಿತ್ತು," ಎಂದ ಬೀರಯ್ಯ, ಅವಳ ಕಡೆ ಮುಖ ಎತ್ತಿ.

ಹುಚ್ಚಮ್ಮ ಅವನ ಹತ್ತಿರಕ್ಕೆ ಸರಿದಳು. "ಗೊತ್ತಿದ್ದೋನು ಅವತ್ತು ಒಂದು ಮಾತು ಹೇಳ್ಬಾರ್ದಿತ್ತೇನೋ?"

"ಹೇಳಿದ್ದೆ ಅಮ್ಮ. ಅಟ್ಟದ ಕೆಳಗೆ ನಿಂತು ಮೂರು ಸಲ ಕೂಗಿದೆ, ಇದ್ರಲ್ಲಿ ನೀರೈತೆ ಅಂತ. ನೀವು ಆ ಕಡೆ ತಿರುಗಿ ಕೂತಿದ್ರಿ. ಆಮೇಲೆ ಈ ಕಡೆ ನೋಡಿ, ತಲೆ ಆಡ್ಸಿ, ಇನ್ನೊಂದು ಕಾಯಿ ಕೊಟ್ರಿ. ನಿಮ್ಮ ಮಾತು ಮೀರ್ಬಾರ್ದು ಅಂತ ಸುಲ್ದೆ."

"ಮತ್ತೆ ಮಲ್ಲ ಬೈಯೋವಾಗ? ಅವನಿಗೆ ಹೇಳೋದಲ್ವಾ?"

ಬೀರಯ್ಯ ಮಚ್ಚಿನ ಅಲಗನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದ. "ಕಾಯಿ ಸುದ್ದಿ ಆಗಿದ್ರೆ ಹೇಳ್ತಿದ್ದೆ. ಅದು ನಿಮ್ಮ ಕಿವಿ ಸುದ್ದಿ. ನೀವು ಹೇಳ್ದೇ ಇರೋವಾಗ ನಾನ್ಯಾಕೆ ಹೇಳ್ಲಿ?"

ಮಾನಸ ನೆಲ ನೋಡಿದಳು. ಬಾಗಿಲಲ್ಲಿ ನಿಂತ ದ್ಯಾಮಮ್ಮ ಮಾತ್ರ ಸುಮ್ಮನಿರಲಿಲ್ಲ. "ಇವ್ರು ದೊಡ್ಡ ಮನುಷ್ರು, ನುಂಗ್ಕೊಂಡ್ರು. ನಾನಲ್ಲ. ಎರಡು ಕಾಯಿ ತಂದು ಮುಂದೆ ಇಟ್ರೆ ಒಂದು ವರ್ಷದ ಮಾತು ಹೋಗಲ್ಲ ಅಮ್ಮ. ನಾಕು ಜನದ ಮುಂದೆ ಅಂದಿದ್ದು, ನಾಕು ಜನದ ಮುಂದೇನೇ ವಾಪಸ್ ತಗೋಬೇಕು ನಿಮ್ಮ ಮಗ. ಪಂಚನಹಳ್ಳೀಲಿ ಕೂಡ ಹೇಳ್ಬೇಕು."

ಹುಚ್ಚಮ್ಮ ಅವಳ ಬಾಯನ್ನು ಕೊನೆಯವರೆಗೂ ನೋಡಿದಳು. "ಹೇಳಿಸ್ತೀನಿ," ಎಂದಳು.

ಮಲ್ಲಿಕಾರ್ಜುನ ಅದೇ ಸಂಜೆ ಪಂಚಾಕ್ಷರಪ್ಪನ ಕಣದಲ್ಲಿ, ಆಳುಗಳೆಲ್ಲ ಸೇರಿದ್ದಾಗ, ನಿಂತು ಹೇಳಿದ. ಮರುದಿನ ಬೈಕು ತೆಗೆದುಕೊಂಡು ಪಂಚನಹಳ್ಳಿಗೂ ಹೋಗಿ ಬಂದ. ಬಂದವನು ಅರ್ಧ ಮುದ್ದೆ ತಿಂದು ಎದ್ದ.

ಮೂರನೇ ದಿನ ಬೀರಯ್ಯ ಅಟ್ಟದ ಕೆಳಗೆ ಬಂದು ನಿಂತ. ಹುಚ್ಚಮ್ಮ ಮೇಲೆ ಕೂತಳು, ಈ ಸಲ ಅಂಚಿಗೆ, ಮುಖ ಕೆಳಗೆ ಮಾಡಿ. ಕಾಯನ್ನು ಕಿವಿಯ ಹತ್ತಿರ ಒಯ್ಯಲಿಲ್ಲ. ಒಂದೊಂದನ್ನೇ ಕೆಳಗೆ ಕೊಟ್ಟಳು. ಬೀರಯ್ಯ ಅಲ್ಲಾಡಿಸಿ, ಆದದ್ದಕ್ಕೆ ಬಲಗೈ ಎತ್ತಿದ, ಆಗದ್ದಕ್ಕೆ ಎಡಗೈ. ಅವಳು ಹೌದೆಂದ ಮೇಲೆಯೇ ಕಾಯಿ ಗುಪ್ಪೆಗೆ ಬೀಳುತ್ತಿತ್ತು. ಮಾನಸ ಬೀರಯ್ಯನ ಪಕ್ಕದಲ್ಲಿ ನಿಂತು, ಅವನು ಅಲ್ಲಾಡಿಸಿದ್ದನ್ನೇ ತಾನೂ ಒಮ್ಮೆ ಅಲ್ಲಾಡಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹತ್ತಕ್ಕೆ ಮೂರು ಸರಿಯಾಗುತ್ತಿತ್ತು. ರೂಮಿನ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.

ನಡುವೆ ಅವಳ ಫೋನು ಬಡಿದುಕೊಂಡಿತು. ಸತೀಶ. "ಅವ್ವಂಗೆ ಹೇಳು ಮಾನಸ, ಮುಂದಿನ ವರ್ಷದ ಫೋನಿನ ಸುದ್ದಿ ಆಗ್ಲೇ ಶುರುವಾಗೈತೆ. ಎದುರಿಗಿರೋರು ಮಾತಾಡಿದ್ದು ಕನ್ನಡದಲ್ಲೇ ಬರೆದು ತೋರಿಸುತ್ತಂತೆ!"

"ಅಜ್ಜೀ, ಚಿಕ್ಕಪ್ಪ!" ಮಾನಸ ಫೋನನ್ನು ಮೇಲೆತ್ತಿ ಕೂಗಿದಳು. "ಮುಂದಿನ ಫೋನಲ್ಲಿ ಏನು ಬತ್ತೈತಂತೆ ಗೊತ್ತಾ?"

ಹುಚ್ಚಮ್ಮನಿಗೆ ಕೇಳಲಿಲ್ಲ. ಬೀರಯ್ಯ ಒಂದು ಕಾಯನ್ನು ಅಲ್ಲಾಡಿಸಿ, ಅನುಮಾನ ಬಂದು, ಮತ್ತೊಮ್ಮೆ ಅಲ್ಲಾಡಿಸುತ್ತಿದ್ದ. ಅವನ ಯಾವ ಕೈ ಮೇಲೇಳುತ್ತದೆಯೆಂದು ಅವಳು ಅಟ್ಟದ ಅಂಚಿನಿಂದ ಬಗ್ಗಿ ನೋಡುತ್ತಿದ್ದಳು.